ಕೌನ್ಸಿಲ್ ಕಟ್ಟಡ, ಖಾಸಗಿ ನಿರ್ವಹಣೆ: ಲೆಷರ್ ಸೆಂಟರ್‌ಗಳ ಸುರಕ್ಷತೆಯ ಮೇಲೆ ಕಣ್ಣಿಡುವುದು ಹೇಗೆ

ಬ್ರಿಟನ್ನಿನಲ್ಲಿ ಈಜುಕೊಳ, ಜಿಮ್, ಆಟದ ಹಾಲ್ ಎಲ್ಲವೂ ಒಂದೇ ಸೂರಿನಡಿ ಇರುವ ಲೆಷರ್ ಸೆಂಟರ್‌ಗಳಲ್ಲಿ ಬಹಳಷ್ಟು ಸ್ಥಳೀಯ ಕೌನ್ಸಿಲ್‌ಗಳ ಆಸ್ತಿ. ಆದರೆ ಬೆಳಿಗ್ಗೆ ಬಾಗಿಲು ತೆಗೆಯುವುದು, ನೀರಿಗೆ ಕ್ಲೋರಿನ್ ಹಾಕಿಸುವುದು, ಲೈಫ್‌ಗಾರ್ಡ್‌ಗಳಿಗೆ ಸಂಬಳ ಕೊಡುವುದು ದೀರ್ಘಾವಧಿ ಗುತ್ತಿಗೆ ಹಿಡಿದ ಖಾಸಗಿ ಕಂಪನಿಯೋ ಟ್ರಸ್ಟೋ ಆಗಿರುತ್ತದೆ. ಏನಾದರೂ ಅನಾಹುತವಾದಾಗ ಎರಡೂ ಕಡೆಯಿಂದ ಮೊದಲು ಬರುವ ಮಾತು ಒಂದೇ: ಅದು ಅವರ ಜವಾಬ್ದಾರಿ. ಗುತ್ತಿಗೆ ನೋಡಿಕೊಳ್ಳುವ ಕೌನ್ಸಿಲ್ ಅಧಿಕಾರಿಗಳು, ಪರಿಶೀಲನಾ ಸಮಿತಿಯಲ್ಲಿ ಕೂರುವ ಕೌನ್ಸಿಲರ್‌ಗಳು, ಮಕ್ಕಳನ್ನು ಈಜಿಗೆ ಕಳಿಸುವ ನಿವಾಸಿಗಳು ಏನನ್ನು ಕೇಳಬೇಕು, ಎಲ್ಲಿ ನೋಡಬೇಕು ಎಂಬುದನ್ನು ಇಲ್ಲಿ ಹೇಳಿದೆ.

ಕಾನೂನಿನ ಪ್ರಕಾರ ಯಾರ ತಲೆಗೆ?

1974ರ ಹೆಲ್ತ್ ಅಂಡ್ ಸೇಫ್ಟಿ ಅಟ್ ವರ್ಕ್ ಕಾಯ್ದೆಯ 3ನೇ ಸೆಕ್ಷನ್ ಪ್ರಕಾರ, ತನ್ನ ಚಟುವಟಿಕೆಯಿಂದ ಸಾರ್ವಜನಿಕರಿಗೆ ಅಪಾಯವಾಗದಂತೆ ನೋಡಿಕೊಳ್ಳುವುದು ಪ್ರತಿ ಉದ್ಯೋಗದಾತನ ಕರ್ತವ್ಯ. ಸೆಂಟರ್ ನಡೆಸುವ ಕಂಪನಿಗೆ ಇದು ನೇರವಾಗಿ ಅನ್ವಯಿಸುತ್ತದೆ. 4ನೇ ಸೆಕ್ಷನ್ ಕಟ್ಟಡದ ಮೇಲೆ ಹಿಡಿತ ಇರುವವರಿಗೆ ಸಂಬಂಧಿಸಿದ್ದು. ಒಪ್ಪಂದದಲ್ಲಿ ದುರಸ್ತಿಯ ಹೊಣೆ ಯಾರ ಮೇಲಿದೆಯೋ ಅವರನ್ನು ಆ ಮಟ್ಟಿಗೆ ಹಿಡಿತ ಇರುವವರೆಂದೇ ಅದು ಎಣಿಸುತ್ತದೆ. ಛಾವಣಿಯ ದುರಸ್ತಿ ಕೌನ್ಸಿಲ್‌ನದು ಎಂದು ಒಪ್ಪಂದದಲ್ಲಿ ಬರೆದುಕೊಂಡಿದ್ದರೆ ಛಾವಣಿಯ ಮಟ್ಟಿಗೆ ಕೌನ್ಸಿಲ್ ತಪ್ಪಿಸಿಕೊಳ್ಳುವಂತಿಲ್ಲ. ಒಂದೇ ಜಾಗದಲ್ಲಿ ಇಬ್ಬರು ಉದ್ಯೋಗದಾತರಿದ್ದರೆ ಪರಸ್ಪರ ಮಾಹಿತಿ ಹಂಚಿಕೊಂಡು ಹೊಂದಿಕೊಂಡು ನಡೆಯಬೇಕು ಎನ್ನುತ್ತದೆ ಕೆಲಸದ ಸ್ಥಳದ ಸುರಕ್ಷತೆ ಕುರಿತ 1999ರ ಮ್ಯಾನೇಜ್‌ಮೆಂಟ್ ನಿಯಮಾವಳಿಯ 11ನೇ ನಿಯಮ.

ಶಾಲಾ ಮಕ್ಕಳ ವಿಚಾರದಲ್ಲಿ ಬಿಗಿ ಇನ್ನೂ ಹೆಚ್ಚು. ಶಾಲೆಯ ಈಜು ತರಗತಿಯಲ್ಲಿ, ಹೊರಗಿನ ಗುತ್ತಿಗೆದಾರರ ಉಸ್ತುವಾರಿಯಲ್ಲಿದ್ದಾಗ, ವಿದ್ಯಾರ್ಥಿನಿಯೊಬ್ಬಳಿಗೆ ಗಂಭೀರ ಹಾನಿಯಾದ ಪ್ರಕರಣದಲ್ಲಿ ಬ್ರಿಟನ್ನಿನ ಸುಪ್ರೀಂ ಕೋರ್ಟ್ 2013ರಲ್ಲಿ ಎಸೆಕ್ಸ್ ಕೌಂಟಿ ಕೌನ್ಸಿಲ್‌ಗೆ ಸಂಬಂಧಿಸಿ ತೀರ್ಪು ನೀಡಿತು: ಇಂಥ ಕರ್ತವ್ಯವನ್ನು ಬೇರೆಯವರಿಂದ ಮಾಡಿಸಬಹುದು, ಆದರೆ ದಾಟಿಸಿ ಕೈತೊಳೆದುಕೊಳ್ಳಲಾಗದು. ತರಗತಿಗಳನ್ನು ಹೊರಗೆ ಕೊಡುವ ಪ್ರತಿ ಶಿಕ್ಷಣ ಪ್ರಾಧಿಕಾರವೂ ಇದನ್ನು ಓದಿಕೊಂಡಿರಬೇಕು.

ಹಳೆಯದಾದರೂ ಇಂದಿಗೂ ಪಾಠವಾಗುವ ಉದಾಹರಣೆ ಐಲ್ ಆಫ್ ಮ್ಯಾನ್ ದ್ವೀಪದ ಸಮರ್‌ಲ್ಯಾಂಡ್. 1971ರಲ್ಲಿ ತೆರೆದ ಆ ಮನರಂಜನಾ ಕೇಂದ್ರದ ಮಾಲೀಕತ್ವ ಡಗ್ಲಸ್ ನಗರ ಕಾರ್ಪೊರೇಷನ್‌ನದು, ನಡೆಸುತ್ತಿದ್ದುದು ಗುತ್ತಿಗೆ ಹಿಡಿದ ಖಾಸಗಿ ಕಂಪನಿ. 1973ರ ಆಗಸ್ಟ್ 2ರಂದು ಹೊತ್ತಿದ ಬೆಂಕಿಗೆ 50 ಮಂದಿ ಬಲಿಯಾದರು. ಗೋಡೆ ಮತ್ತು ಛಾವಣಿಗೆ ಬಳಸಿದ್ದ ಅಕ್ರಿಲಿಕ್ ಹಾಳೆ ಉರಿದುಹೋಯಿತು, ಅಗ್ನಿಶಾಮಕ ದಳಕ್ಕೆ ಕರೆ ತಡವಾಗಿ ಹೋಯಿತು, ತುರ್ತು ಬಾಗಿಲುಗಳಲ್ಲಿ ಕೆಲವಕ್ಕೆ ಬೀಗ ಬಿದ್ದಿತ್ತು. ಗೋಡೆಯಲ್ಲಿ ಏನಿದೆ ಎಂಬುದು ಕಟ್ಟಿಸಿದವರಿಗೆ ಗೊತ್ತಿರುವ ವಿಷಯ. ಬಾಗಿಲಿಗೆ ಬೀಗ ಇದೆಯೋ ಇಲ್ಲವೋ ಎಂಬುದು ನಡೆಸುವವರಿಗೆ ಗೊತ್ತಿರುವ ವಿಷಯ. ಎರಡನ್ನೂ ಒಟ್ಟಿಗಿಟ್ಟು ನೋಡುವ ಕೆಲಸ ಮಾಲೀಕರದ್ದು.

ಒಂದೇ ಕೌನ್ಸಿಲ್, ಎರಡು ಟೋಪಿ

ಲೆಷರ್ ಸೆಂಟರ್‌ಗಳಲ್ಲಿ ಸುರಕ್ಷತಾ ಕಾನೂನು ಜಾರಿ ಮಾಡುವವರು ಸಾಮಾನ್ಯವಾಗಿ ಅದೇ ಕೌನ್ಸಿಲ್‌ನ ಪರಿಸರ ಆರೋಗ್ಯ ಅಧಿಕಾರಿಗಳು. ಆದರೆ ಕೌನ್ಸಿಲ್ ತನ್ನ ಮೇಲೆ ತಾನೇ ಕಾನೂನು ಜಾರಿ ಮಾಡಿಕೊಳ್ಳುವಂತಿಲ್ಲ. ತಪ್ಪಿನಲ್ಲಿ ಕೌನ್ಸಿಲ್‌ನ ಪಾಲಿದ್ದರೆ ಪ್ರಕರಣ ಹೆಲ್ತ್ ಅಂಡ್ ಸೇಫ್ಟಿ ಎಕ್ಸಿಕ್ಯುಟಿವ್, ಅಂದರೆ ಎಚ್‌ಎಸ್‌ಇಗೆ ಹೋಗಬೇಕು. ಆದ್ದರಿಂದ ಗುತ್ತಿಗೆ ವಿಭಾಗ ಮತ್ತು ಜಾರಿ ವಿಭಾಗದ ಕಡತಗಳು ಬೇರೆ ಬೇರೆ ಇರಲಿ. ಯಾವ ಹಂತದಲ್ಲಿ ಎಚ್‌ಎಸ್‌ಇಗೆ ತಿಳಿಸಬೇಕು ಎಂಬುದನ್ನು ಅಪಘಾತಕ್ಕೆ ಮೊದಲೇ ಒಂದು ಪುಟದಲ್ಲಿ ಬರೆದಿಡಿ.

ಇಲ್ಲಿ ಸಾಮಾನ್ಯವಾಗಿ ಆಗುವ ಎಡವಟ್ಟು ಎರಡು. ಪರಿಸರ ಆರೋಗ್ಯದವರು ಇದ್ದಾರಲ್ಲ, ಅವರು ನೋಡಿಕೊಳ್ಳುತ್ತಾರೆ ಎಂದು ಗುತ್ತಿಗೆ ಅಧಿಕಾರಿ ಸುಮ್ಮನಿರುವುದು ಒಂದು. ಜಾರಿ ಅಧಿಕಾರಿ ದೂರು ಅಥವಾ ಅಪಘಾತದ ಬೆನ್ನಲ್ಲಿ ಬರುವವರು, ವಾರ ವಾರ ಬರುವವರಲ್ಲ. ಗುತ್ತಿಗೆ ಜಗಳದಲ್ಲಿ ಕಂಪನಿಯನ್ನು ಮಣಿಸಲು ಜಾರಿ ಅಧಿಕಾರಿಯನ್ನು ಛೂ ಬಿಡುವುದು ಇನ್ನೊಂದು. ಮುಂದೆ ಮೊಕದ್ದಮೆಯಾದರೆ ಇದು ಕೌನ್ಸಿಲ್‌ಗೇ ತಿರುಗುಬಾಣವಾಗುತ್ತದೆ.

ಹೊಣೆಪಟ್ಟಿ: ಮೊದಲ ಕೆಲಸ ಇದೇ

ಒಪ್ಪಂದದಲ್ಲಿ ‘ಕಟ್ಟಡದ ಚೌಕಟ್ಟು ಕೌನ್ಸಿಲ್‌ನದು, ಉಪಕರಣಗಳು ನಿರ್ವಾಹಕರದು’ ಎಂಬಂಥ ಒಂದು ಸಾಲು ಇದ್ದೇ ಇರುತ್ತದೆ. ಅಪಾಯ ಕೂತಿರುವುದು ಆ ಸಾಲಿನ ನಡುವೆ. ಕೊಳದ ಮೇಲೆ ತೂಗುವ ದೀಪ ನಿರ್ವಾಹಕರದು, ಅದನ್ನು ಹಿಡಿದ ತೊಲೆ ಕೌನ್ಸಿಲ್‌ನದು. ಎರಡನ್ನೂ ಜೋಡಿಸುವ ಬೋಲ್ಟ್ ಯಾರದು? ಫಿಲ್ಟರ್ ತೊಟ್ಟಿ ಕೌನ್ಸಿಲ್‌ನದಾದರೆ ಒಳಗಿನ ಮರಳು ಬದಲಿಸುವವರು ಯಾರು? ಗಾಳಿಯ ಕೊಳವೆಯೊಳಗೆ ಬೆಂಕಿ ಹರಡದಂತೆ ಮುಚ್ಚಿಕೊಳ್ಳುವ ಫೈರ್ ಡ್ಯಾಂಪರ್, ಕೊಳದಿಂದ ಉಕ್ಕಿದ ನೀರು ಸೇರುವ ಬ್ಯಾಲೆನ್ಸ್ ಟ್ಯಾಂಕ್, ಕೊಳದ ತಳದ ಜಾಲರಿ, ಸುತ್ತಲಿನ ಗಾಜು, ಇವೆಲ್ಲ ಇದೇ ಬಗೆಯವು.

ಆದ್ದರಿಂದ ಪ್ರತಿ ವಸ್ತುವಿಗೂ ಒಂದು ಸಾಲು ಇಟ್ಟು ಐದು ಕಾಲಂ ಮಾಡಿ: ಯಾರು ಪರೀಕ್ಷಿಸುತ್ತಾರೆ, ಎಷ್ಟು ದಿನಕ್ಕೊಮ್ಮೆ, ದೋಷ ಸಿಕ್ಕರೆ ಯಾರಿಗೆ ತಿಳಿಸಬೇಕು, ದುರಸ್ತಿಗೆ ಯಾರ ಹಣ, ಕೊನೆಯ ವರದಿಯ ದಿನಾಂಕ. ಖಾಲಿ ಉಳಿಯುವ ಚೌಕಗಳೇ ನಿಮ್ಮ ಮುಂದಿನ ಮೂರು ತಿಂಗಳ ಕೆಲಸ. ‘ಇಬ್ಬರೂ’ ಎಂದು ಬರೆದ ಚೌಕವನ್ನೂ ಖಾಲಿ ಎಂದೇ ಎಣಿಸಿ.

ಅವಧಿ ತಪ್ಪಬಾರದವು ಇವು. ಅಂಗವಿಕಲರನ್ನು ನೀರಿಗಿಳಿಸುವ ಪೂಲ್ ಹಾಯಿಸ್ಟ್ ಮತ್ತು ಜನ ಹತ್ತುವ ಲಿಫ್ಟ್‌ಗೆ, ಎತ್ತುವ ಸಾಧನಗಳ ಕುರಿತ 1998ರ ಲೋಲರ್ ನಿಯಮದಂತೆ, ತಜ್ಞರ ತಪಾಸಣೆ 6 ತಿಂಗಳಿಗೊಮ್ಮೆ. ಈಜುಕೊಳದ ಸ್ಥಿರ ವಿದ್ಯುತ್ ವೈರಿಂಗ್‌ನ ಪರೀಕ್ಷೆ ವರ್ಷಕ್ಕೊಮ್ಮೆ. ಫೈರ್ ಅಲಾರಂ ವಾರಕ್ಕೊಮ್ಮೆ. ತುರ್ತು ದೀಪಗಳು ತಿಂಗಳಿಗೊಮ್ಮೆ, ವರ್ಷಕ್ಕೊಮ್ಮೆ ಪೂರ್ಣ ಅವಧಿ, ಸಾಮಾನ್ಯವಾಗಿ 3 ಗಂಟೆ. ನಿಂತ ನೀರಿನಲ್ಲಿ ಬೆಳೆದು ಶ್ವಾಸಕೋಶದ ರೋಗ ತರುವ ಲೀಜಿಯೊನೆಲ್ಲಾ ಬ್ಯಾಕ್ಟೀರಿಯಾದ ತಡೆಗೆ ಬಿಸಿನೀರು ಸಂಗ್ರಹದಲ್ಲಿ 60 ಡಿಗ್ರಿ ಸೆಲ್ಸಿಯಸ್ ಇರಬೇಕು, ನಲ್ಲಿ ತಿರುಗಿಸಿದ ಒಂದು ನಿಮಿಷದೊಳಗೆ 50 ಮುಟ್ಟಬೇಕು, ತಣ್ಣೀರು 20ರ ಕೆಳಗಿರಬೇಕು. ಬಳಕೆಯಿಲ್ಲದ ಶವರ್‌ಗಳಲ್ಲಿ ವಾರಕ್ಕೊಮ್ಮೆ ನೀರು ಹರಿಸಬೇಕು, ಶವರ್ ತಲೆಗಳನ್ನು ಮೂರು ತಿಂಗಳಿಗೊಮ್ಮೆ ಬಿಚ್ಚಿ ಶುಚಿ ಮಾಡಬೇಕು. ಮುಚ್ಚಿಟ್ಟ ಬಟ್ಟೆ ಬದಲಿಸುವ ಕೋಣೆಯ ಶವರ್‌ಗಳು ಈ ಪಟ್ಟಿಯಿಂದ ಬಿಟ್ಟುಹೋಗುವುದು ಮಾಮೂಲಿ. ನೀರು ನಿಂತು ಕೊಳೆಯುವುದು ಸರಿಯಾಗಿ ಅಲ್ಲೇ.

1970ರ ದಶಕದ ಕಟ್ಟಡಗಳಲ್ಲಿ ಕಲ್ನಾರು, ಅಂದರೆ ಆಸ್ಬೆಸ್ಟಾಸ್, ಇರುವ ಸಂಭವ ಹೆಚ್ಚು. 2012ರ ನಿಯಮಾವಳಿ ಅದನ್ನು ನಿಭಾಯಿಸುವ ಕರ್ತವ್ಯವನ್ನು ದುರಸ್ತಿಯ ಹೊಣೆ ಹೊತ್ತವರಿಗೆ ಕೊಡುತ್ತದೆ. ದಾಖಲೆ ಕೌನ್ಸಿಲ್ ಕಚೇರಿಯಲ್ಲಿದ್ದು, ಸೆಂಟರ್‌ನಲ್ಲಿ ಗೋಡೆ ಕೊರೆಯುವ ಎಲೆಕ್ಟ್ರಿಷಿಯನ್‌ಗೆ ಅದು ಸಿಗದಿದ್ದರೆ ದಾಖಲೆ ಇದ್ದೂ ಇಲ್ಲದಂತೆ. 1950ರ ದಶಕದಿಂದ 1990ರ ದಶಕದ ಮಧ್ಯದವರೆಗೆ ಬಳಕೆಯಲ್ಲಿದ್ದ ರಾಕ್ ಎಂಬ ಹಗುರ ಕಾಂಕ್ರೀಟ್ ಹಲಗೆಗಳು ಛಾವಣಿಯಲ್ಲಿವೆಯೇ ಎಂಬ ಸಮೀಕ್ಷೆಯೂ ಇದೇ ಕಡತದಲ್ಲಿರಲಿ.

ಒಪ್ಪಂದದ ದಂಡವೇ ಅಪಾಯವಾಗುವ ಬಗೆ

ಬಹುತೇಕ ಒಪ್ಪಂದಗಳಲ್ಲಿ ಕೊಳ ಮುಚ್ಚಿದರೆ ‘ಸೇವೆ ಲಭ್ಯವಿಲ್ಲ’ ಎಂದು ಹಣ ಕಡಿತವಾಗುತ್ತದೆ. ಹಾಗೆ ಮಾಡಿದರೆ ಅನುಮಾನ ಬಂದಾಗಲೂ ಕೊಳ ತೆರೆದಿಡಲು ಮ್ಯಾನೇಜರ್‌ಗೆ ಕೌನ್ಸಿಲ್ಲೇ ಕಾಸು ಕೊಟ್ಟಂತೆ. ಸುರಕ್ಷತೆಗಾಗಿ ಮುಚ್ಚಿದ ಅವಧಿಗೆ ಕಡಿತವಿಲ್ಲ, ಕಾರಣವನ್ನು ಅಂದೇ ಬರೆದು ಕಳಿಸಬೇಕು ಎಂಬ ಷರತ್ತು ಹಾಕಿ. ಮುಚ್ಚಲು ಕಾರಣವಾದ ದೋಷ ಪದೇ ಪದೇ ಮರುಕಳಿಸಿದರೆ ಆಗ ದಂಡ ಹಾಕಿ.

ಅಪಘಾತಗಳ ಸಂಖ್ಯೆಗೆ ದಂಡ ಕಟ್ಟುವುದು ಇನ್ನೂ ಕೆಟ್ಟದ್ದು. ಸಂಖ್ಯೆ ಇಳಿಯುತ್ತದೆ, ಅಪಘಾತ ಇಳಿಯುವುದಿಲ್ಲ. ಪುಸ್ತಕಕ್ಕೆ ಬರೆಯುವುದು ನಿಲ್ಲುತ್ತದೆ ಅಷ್ಟೆ. ವರ್ಷಕ್ಕೆ ಸಾವಿರಾರು ಜನ ಬರುವ ಕೊಳದಲ್ಲಿ ಮೂರು ತಿಂಗಳು ಜಾರಿಬಿದ್ದವರೇ ಇಲ್ಲ, ಲೈಫ್‌ಗಾರ್ಡ್ ನೀರಿಗಿಳಿದಿದ್ದೇ ಇಲ್ಲ ಎಂಬ ವರದಿ ಬಂದರೆ ಸಂತೋಷಪಡಬೇಡಿ, ಅಂದೇ ಹೋಗಿ ನೋಡಿ. ದಂಡ ಬೇಕಿದ್ದರೆ ತಡವಾಗಿ ತಿಳಿಸಿದ್ದಕ್ಕೆ, ಮುಚ್ಚಿಟ್ಟಿದ್ದಕ್ಕೆ ಹಾಕಿ.

ಇನ್ನೆರಡು ಷರತ್ತು ಬೇಕೇ ಬೇಕು: ಮುನ್ಸೂಚನೆಯಿಲ್ಲದೆ ಯಾವ ಹೊತ್ತಿಗಾದರೂ ಒಳಬಂದು ಪಂಪ್, ಫಿಲ್ಟರ್, ರಾಸಾಯನಿಕಗಳಿರುವ ಪ್ಲಾಂಟ್ ರೂಮ್ ಸಹಿತ ನೋಡುವ ಹಕ್ಕು, ಮತ್ತು ಸಾರಾಂಶವಲ್ಲದ ಮೂಲ ದಾಖಲೆಗಳನ್ನು ಪಡೆಯುವ ಹಕ್ಕು.

ಕಾಗದ ಓದುವ ಕಲೆ

ತಿಂಗಳ ವರದಿಯಲ್ಲಿ ‘ನೀರಿನ ಗುಣಮಟ್ಟ ಶೇ 98 ಸರಿ’ ಎಂದಿರುತ್ತದೆ. ಇದರಿಂದ ಏನೂ ತಿಳಿಯದು. ಯಾವುದಾದರೂ ಎರಡು ಶನಿವಾರಗಳ ಮೂಲ ಲಾಗ್‌ಶೀಟ್ ತರಿಸಿಕೊಳ್ಳಿ. ಕೊಳ ತೆರೆಯುವ ಮುಂಚೆ ಒಮ್ಮೆ, ಆಮೇಲೆ ಸುಮಾರು ಎರಡು ಗಂಟೆಗೊಮ್ಮೆ ಪರೀಕ್ಷೆ ನಡೆದಿರಬೇಕು. ಸೋಡಿಯಂ ಹೈಪೊಕ್ಲೋರೈಟ್ ಬಳಸುವ ಸಾಮಾನ್ಯ ಕೊಳದಲ್ಲಿ ಮುಕ್ತ ಕ್ಲೋರಿನ್, ಅಂದರೆ ರೋಗಾಣು ಕೊಲ್ಲಲು ಇನ್ನೂ ಉಳಿದಿರುವ ಕ್ಲೋರಿನ್, ಲೀಟರಿಗೆ 1 ಮಿಲಿಗ್ರಾಂ ಆಸುಪಾಸು, ನೀರಿನ ಆಮ್ಲ-ಕ್ಷಾರದ ಅಳತೆಯಾದ ಪಿಎಚ್ 7.2ರಿಂದ 7.4. ಬೆವರು-ಮೂತ್ರದ ಜೊತೆ ಕೂಡಿ ಶಕ್ತಿ ಕಳೆದುಕೊಂಡ ಕಂಬೈನ್ಡ್ ಕ್ಲೋರಿನ್ ಮುಕ್ತ ಕ್ಲೋರಿನ್ನಿನ ಅರ್ಧಕ್ಕಿಂತ ಕಡಿಮೆ ಇದ್ದರೆ ಒಳ್ಳೆಯದು, ಲೀಟರಿಗೆ 1 ಮಿಲಿಗ್ರಾಂ ದಾಟಲೇಬಾರದು. ಪಿಎಚ್ 8ಕ್ಕೆ ಏರಿದರೆ ಅಷ್ಟೇ ಕ್ಲೋರಿನ್‌ನ ರೋಗಾಣು ಕೊಲ್ಲುವ ಶಕ್ತಿ ಸುಮಾರು ಮೂರನೇ ಒಂದಕ್ಕೆ ಇಳಿಯುತ್ತದೆ. ಹಾಗಾಗಿ ಕ್ಲೋರಿನ್ ಅಂಕಿಯೊಂದನ್ನೇ ನೋಡಿ ಸಮಾಧಾನಪಡಬೇಡಿ.

ನಿಜವಾದ ಲಾಗ್‌ಶೀಟ್‌ನಲ್ಲಿ ಅಂಕಿಗಳು ಅಲುಗಾಡುತ್ತವೆ. ಬೆಳಿಗ್ಗೆ 7ಕ್ಕೆ ಕಂಬೈನ್ಡ್ 0.3 ಇದ್ದದ್ದು ಮಕ್ಕಳ ಗುಂಪು ಬಂದು ಹೋದ ಮಧ್ಯಾಹ್ನ 0.6 ಆಗಿರುತ್ತದೆ, ಮುಕ್ತ ಕ್ಲೋರಿನ್ ಕೊಂಚ ಕುಸಿದಿರುತ್ತದೆ. ದಿನವಿಡೀ 1.0, 1.0, 1.0, 7.3, 7.3, 7.3, ಒಂದೇ ಪೆನ್ನು, ಒಂದೇ ಓರೆ, ಸಮಯ ಕರಾರುವಾಕ್ಕಾಗಿ 9-00, 11-00, 13-00. ಇಂಥ ಹಾಳೆ ಸಂಜೆ ಕುರ್ಚಿಯಲ್ಲಿ ಕೂತು ತುಂಬಿಸಿದ್ದು. ಖಾತ್ರಿ ಮಾಡಿಕೊಳ್ಳಲು ದಾರಿಯಿದೆ: ನೀರಿಗೆ ರಾಸಾಯನಿಕವನ್ನು ಅಳೆದು ಹಾಕುವ ಸ್ವಯಂಚಾಲಿತ ಡೋಸಿಂಗ್ ನಿಯಂತ್ರಕದಲ್ಲಿ ಅದೇ ದಿನದ ಗ್ರಾಫ್ ಉಳಿದಿರುತ್ತದೆ. ಗ್ರಾಫಿನಲ್ಲಿ ಕುಸಿತ ಇದ್ದು ಕೈಬರಹದಲ್ಲಿ ಇಲ್ಲದಿದ್ದರೆ ಮಾತು ಮುಗಿಯಿತು.

ಪ್ರಯೋಗಾಲಯದ ಜೀವಾಣು ವರದಿ ತಿಂಗಳಿಗೊಂದು ಇರಬೇಕು. 100 ಮಿಲಿಲೀಟರ್‌ನಲ್ಲಿ ಇ. ಕೊಲೈ ಸೊನ್ನೆ, ಸ್ಯೂಡೋಮೊನಾಸ್ 10ಕ್ಕಿಂತ ಕಡಿಮೆ, ಒಟ್ಟು ಕಾಲನಿ ಎಣಿಕೆ ಪ್ರತಿ ಮಿಲಿಲೀಟರ್‌ಗೆ 10 ಮೀರದಿರುವುದು ಅಪೇಕ್ಷಿತ. ಗುಳ್ಳೆಯೇಳುವ ಬಿಸಿನೀರಿನ ಸ್ಪಾ ಪೂಲ್ ಇದ್ದರೆ ಮೂರು ತಿಂಗಳಿಗೊಮ್ಮೆ ಲೀಜಿಯೊನೆಲ್ಲಾ ಪರೀಕ್ಷೆಯೂ ಸೇರುತ್ತದೆ. ಒಂದು ವರದಿ ಕೆಟ್ಟು ಬಂದರೆ ಅದೇ ದೊಡ್ಡ ತಪ್ಪಲ್ಲ. ಅದರ ಬೆನ್ನಿಗೆ ಮರುಪರೀಕ್ಷೆ, ಕಾರಣದ ಹುಡುಕಾಟ ಇಲ್ಲದಿರುವುದು ತಪ್ಪು.

ಘಟನಾ ಪುಸ್ತಕದಲ್ಲಿ ಒಂದು ವಿಷಯವನ್ನು ಹುಡುಕಿ ನೋಡಿ: ನೀರಿನಲ್ಲಿ ಭೇದಿಯಾದ ಘಟನೆ. ಕ್ರಿಪ್ಟೊಸ್ಪೊರಿಡಿಯಂ ಎಂಬ ಪರಾವಲಂಬಿ ಕ್ಲೋರಿನ್‌ಗೆ ಜಗ್ಗುವುದಿಲ್ಲ. ಅದನ್ನು ಹೆಪ್ಪುಗಟ್ಟಿಸುವ ರಾಸಾಯನಿಕ ಹಾಕಿ ಫಿಲ್ಟರ್‌ನಲ್ಲೇ ಹಿಡಿಯಬೇಕು. ಅದಕ್ಕೆ ಕೊಳದ ನೀರು ಆರು ಸುತ್ತು ಫಿಲ್ಟರ್ ಮೂಲಕ ಹಾಯಬೇಕು, ಕೊನೆಗೆ ಬ್ಯಾಕ್‌ವಾಶ್, ಅಂದರೆ ನೀರನ್ನು ಹಿಮ್ಮುಖವಾಗಿ ಹರಿಸಿ ಫಿಲ್ಟರ್ ತೊಳೆಯುವುದು, ಆಗಬೇಕು. ಒಂದು ಸುತ್ತಿಗೆ 3 ಗಂಟೆ ಹಿಡಿಯುವ ಕೊಳವಾದರೆ 18 ಗಂಟೆ. ‘ಕ್ಲೋರಿನ್ ಹೆಚ್ಚಿಸಿ ಒಂದು ಗಂಟೆಯಲ್ಲಿ ಮತ್ತೆ ತೆರೆಯಲಾಯಿತು’ ಎಂಬ ಸಾಲು ಕಂಡರೆ ಆ ಸೆಂಟರ್‌ನ ಇಡೀ ಕೊಳ ನಿರ್ವಹಣೆಯನ್ನೇ ಮತ್ತೆ ಪರಿಶೀಲಿಸಬೇಕು.

ಕೊಳದ ದಂಡೆಯಲ್ಲಿ

ಭೇಟಿಯ ಹೊತ್ತನ್ನು ನೀವೇ ಆರಿಸಿ. ಮಂಗಳವಾರ ಮಧ್ಯಾಹ್ನ 2ಕ್ಕೆ ಹೋದರೆ ಎಲ್ಲ ಅಚ್ಚುಕಟ್ಟು. ಶನಿವಾರ ಗಾಳಿ ತುಂಬಿದ ಆಟಿಕೆ ತೇಲಿಬಿಟ್ಟ ಹೊತ್ತು, ಬೆಳಿಗ್ಗೆ 6-30ರ ಮೊದಲ ಅವಧಿ, ರಾತ್ರಿ ಮುಚ್ಚುವ ಮುಂಚಿನ ಗಂಟೆ, ಸಿಬ್ಬಂದಿ ತೆಳುವಾಗುವುದು ಇಲ್ಲಿ.

ಕೈಯಲ್ಲಿ ಆ ಕೊಳದ ಲಿಖಿತ ಕಾರ್ಯವಿಧಾನ ಇರಲಿ. ಎಚ್‌ಎಸ್‌ಇಯ ಎಚ್‌ಎಸ್‌ಜಿ 179 ಮಾರ್ಗದರ್ಶಿಯಂತೆ ಅದರಲ್ಲಿ ಎರಡು ಭಾಗ: ದೈನಂದಿನ ವಿಧಾನ ಮತ್ತು ತುರ್ತು ವಿಧಾನ. ಅದು ಕಂಪನಿಯ ಮುಖ್ಯ ಕಚೇರಿಯಿಂದ ಬಂದ ಅಚ್ಚು ಪ್ರತಿಯೋ ಈ ಕೊಳಕ್ಕೆಂದೇ ಬರೆದದ್ದೋ ಎಂಬುದು ನಕ್ಷೆ ನೋಡಿದರೆ ತಿಳಿಯುತ್ತದೆ. ಇಲ್ಲದ ಜಾರುಬಂಡೆಯ ಬಗ್ಗೆ ಎರಡು ಪುಟ, ಇರುವ ಕಂಬದ ಮರೆಯ ಬಗ್ಗೆ ಒಂದಕ್ಷರವೂ ಇಲ್ಲದ ಪ್ರತಿಗಳು ಅಪರೂಪವೇನಲ್ಲ.

ಲೈಫ್‌ಗಾರ್ಡ್ ಕುರ್ಚಿಯ ಪಕ್ಕ ನಿಂತು ತಳ ಕಾಣುತ್ತದೆಯೇ ನೋಡಿ. ದೊಡ್ಡ ಕಿಟಕಿಯಿಂದ ಬಿದ್ದ ಬೆಳಕು ನೀರಿನ ಮೇಲೆ ಕನ್ನಡಿಯಂತೆ ಹೊಳೆದರೆ ಅದರಡಿ ಮುಳುಗಿದ ಮಗು ಕಾಣುವುದಿಲ್ಲ. ಸೂರ್ಯನ ಕೋನ ತಿಂಗಳು ತಿಂಗಳಿಗೆ ಬದಲಾಗುವುದರಿಂದ ಜುಲೈನಲ್ಲಿ ಮಾಡಿದ ಪರೀಕ್ಷೆ ಜನವರಿಗೆ ನಡೆಯದು. ಡ್ಯೂಟಿ ಮ್ಯಾನೇಜರ್ ಜೊತೆ ಮಾತಾಡಿಕೊಂಡು ತರಬೇತಿ ಗೊಂಬೆಯನ್ನು ತಳದಲ್ಲಿಟ್ಟು ಪ್ರತಿ ಕುರ್ಚಿಯಿಂದ ನೋಡುವುದೇ ಸರಿಯಾದ ಪರೀಕ್ಷೆ. ಲೈಫ್‌ಗಾರ್ಡ್ ತನ್ನ ವಲಯವನ್ನು 10 ಸೆಕೆಂಡಿನಲ್ಲಿ ಕಣ್ಣಾಡಿಸಿ, 20 ಸೆಕೆಂಡಿನಲ್ಲಿ ಅಲ್ಲಿನ ಯಾರನ್ನಾದರೂ ತಲುಪುವಂತಿರಬೇಕು ಎಂಬುದು ವೃತ್ತಿಯಲ್ಲಿ ಬಳಕೆಯಲ್ಲಿರುವ ಅಳತೆ. ಕುರ್ಚಿಯಿಂದ ವಲಯದ ದೂರದ ಮೂಲೆಗೆ ಸ್ಟಾಪ್‌ವಾಚ್ ಹಿಡಿದು ಮಾಡಿಸಿ ನೋಡಿ.

ಜನರ ಮಿತಿಯನ್ನು ರಿಸೆಪ್ಷನ್‌ನಲ್ಲಿ ಕೇಳಿ. ಒಬ್ಬರಿಗೆ 3 ಚದರ ಮೀಟರ್ ಎಂಬ ಲೆಕ್ಕದಲ್ಲಿ 25 ಮೀಟರ್ ಉದ್ದ, 12.5 ಮೀಟರ್ ಅಗಲದ ಕೊಳಕ್ಕೆ 104 ಜನ. ಅದು ನೀರಿನ ಜಾಗದ ಗರಿಷ್ಠ ಮಿತಿ; ಅಂದು ಇರುವ ಲೈಫ್‌ಗಾರ್ಡ್‌ಗಳ ಸಂಖ್ಯೆಗೆ ತಕ್ಕಂತೆ ಮಿತಿ ಇನ್ನೂ ಕೆಳಗಿರಬಹುದು. ಈಗ ಒಳಗೆ ಎಷ್ಟು ಜನ ಎಂಬುದಕ್ಕೆ ಉತ್ತರ ಬರದಿದ್ದರೆ ಮಿತಿ ಕಾಗದದಲ್ಲಷ್ಟೇ ಇದೆ ಎಂದಾಯಿತು.

ಅಂದಿನ ಪಾಳಿಪಟ್ಟಿಯಿಂದ ಐದು ಹೆಸರು ಆರಿಸಿ ಪ್ರಮಾಣಪತ್ರ, ತಿಂಗಳ ತರಬೇತಿ ಹಾಜರಿ ಎರಡನ್ನೂ ತಾಳೆ ನೋಡಿ. ರಾಯಲ್ ಲೈಫ್ ಸೇವಿಂಗ್ ಸೊಸೈಟಿ, ಅಂದರೆ ಆರ್‌ಎಲ್‌ಎಸ್‌ಎಸ್‌ನ ಪೂಲ್ ಲೈಫ್‌ಗಾರ್ಡ್ ಅರ್ಹತೆ ಎರಡು ವರ್ಷಕ್ಕೆ ಮುಗಿಯುತ್ತದೆ. ಪ್ರಮಾಣಪತ್ರ ಚಾಲ್ತಿಯಲ್ಲಿದ್ದು ನಾಲ್ಕು ತಿಂಗಳಿಂದ ತರಬೇತಿಗೆ ಬಾರದವರೇ ಹೆಚ್ಚು ಸಿಗುವುದು, ಅದರಲ್ಲೂ ವಾರಾಂತ್ಯಕ್ಕಷ್ಟೇ ಬರುವ ವಿದ್ಯಾರ್ಥಿಗಳು. ಒಬ್ಬರು ಬಿಡುವಿಲ್ಲದೆ ಒಂದು ಗಂಟೆಗಿಂತ ಹೆಚ್ಚು ದಂಡೆಯಲ್ಲಿ ಕೂತಿದ್ದರೆ ಅದನ್ನೂ ಗುರುತು ಹಾಕಿಕೊಳ್ಳಿ.

ಕೊನೆಗೆ ಅಲಾರಂ ಗುಂಡಿ ಒತ್ತಿಸಿ. ಎಲ್ಲಿ ಸದ್ದಾಗುತ್ತದೆ, ಯಾರು ಓಡಿ ಬರುತ್ತಾರೆ, ಬಂದವರ ಜಾಗದಲ್ಲಿ ಯಾರು ನಿಲ್ಲುತ್ತಾರೆ? ಸಂಜೆ ಪಾಳಿಯಲ್ಲಿ ರಿಸೆಪ್ಷನ್‌ನವರೊಬ್ಬರೇ ಓಡಿಬಂದು, ಆಂಬುಲೆನ್ಸ್‌ಗೆ ಬಾಗಿಲು ತೆಗೆಯಲು ಯಾರೂ ಉಳಿಯದ ಏರ್ಪಾಡು ಕಾಗದದ ಮೇಲೆ ಎಂದೂ ಕಾಣುವುದಿಲ್ಲ.

ಕ್ಲಬ್ ಮತ್ತು ಶಾಲೆಗಳಿಗೆ ಬಾಡಿಗೆ ಕೊಡುವ ಅವಧಿಗಳನ್ನು ಬೇರೆಯಾಗಿ ನೋಡಿ. ಲೈಫ್‌ಗಾರ್ಡ್ ಯಾರು ಒದಗಿಸುತ್ತಾರೆ, ತುರ್ತು ವಿಧಾನದ ಪ್ರತಿ ಕ್ಲಬ್‌ಗೆ ಕೊಟ್ಟಿದೆಯೇ, ಅಲಾರಂ ಬಾರಿಸಿದರೆ ಸೆಂಟರ್ ಸಿಬ್ಬಂದಿ ಬರುತ್ತಾರೆಯೇ ಎಂಬುದು ಎರಡೂ ಕಡೆಯ ಸಹಿಯಿರುವ ಬಾಡಿಗೆ ಪತ್ರದಲ್ಲಿರಬೇಕು. ಬಾಯಿಮಾತಿನ ಒಪ್ಪಂದಗಳು ಹೆಚ್ಚು ಉಳಿದಿರುವುದು ಈ ವಿಭಾಗದಲ್ಲೇ.

ಪ್ಲಾಂಟ್ ರೂಮ್

ಸಮಿತಿಗಳು ಇಳಿದು ನೋಡದ ಜಾಗ ಇದು. ಅತಿ ದೊಡ್ಡ ಅಪಾಯ ಸೋಡಿಯಂ ಹೈಪೊಕ್ಲೋರೈಟ್ ಮತ್ತು ಆಮ್ಲ ಸೇರುವುದು. ಸೇರಿದರೆ ವಿಷಾನಿಲವಾದ ಕ್ಲೋರಿನ್ ಹೊರಬೀಳುತ್ತದೆ. ಟ್ಯಾಂಕರ್‌ನಿಂದ ತುಂಬಿಸುವ ಎರಡು ಬಾಯಿಗಳು ಬೇರೆ ಬೇರೆ ಅಳತೆಯ ಜೋಡಣೆ ಹೊಂದಿರಬೇಕು, ಬೀಗ ಹಾಕಿರಬೇಕು, ದೊಡ್ಡ ಅಕ್ಷರದ ಫಲಕ ಇರಬೇಕು, ಸೆಂಟರ್‌ನ ತರಬೇತಿ ಪಡೆದ ವ್ಯಕ್ತಿ ನಿಂತು ತುಂಬಿಸಿಕೊಳ್ಳಬೇಕು. ತೊಟ್ಟಿಗಳ ಸುತ್ತ ಸೋರಿದ್ದನ್ನು ಹಿಡಿಯುವ ಬೇರೆ ಬೇರೆ ಕಟ್ಟೆ ಬೇಕು, ತೊಟ್ಟಿಯ ಗಾತ್ರದ ಶೇ 110ರಷ್ಟು. ಆ ಕಟ್ಟೆಯೊಳಗೆ ಹಳೆಯ ಪೇಂಟ್ ಡಬ್ಬ, ಮುರಿದ ತೇಲುಹಲಗೆ ತುಂಬಿರುವುದನ್ನು ಕಂಡರೆ ಫೋಟೊ ತೆಗೆದುಕೊಳ್ಳಿ.

ಇನ್ನೊಂದು ಅಷ್ಟು ಸುಲಭವಾಗಿ ಕಣ್ಣಿಗೆ ಬೀಳದು. ಕೊಳದ ನೀರು ತಿರುಗಿಸುವ ಪಂಪ್ ನಿಂತಾಗ ಡೋಸಿಂಗ್ ಪಂಪ್‌ಗಳೂ ತಾವಾಗಿ ನಿಲ್ಲಬೇಕು. ನಿಲ್ಲದಿದ್ದರೆ ಹರಿವಿಲ್ಲದ ಕೊಳವೆಯೊಳಗೆ ಹೈಪೊ, ಆಮ್ಲ ಎರಡೂ ಸಂಗ್ರಹವಾಗಿ, ಮತ್ತೆ ಪಂಪ್ ಹಾಕಿದ ಗಳಿಗೆ ಕ್ಲೋರಿನ್ ಅನಿಲ ನೇರ ಕೊಳದೊಳಕ್ಕೆ, ಈಜುವವರ ಮುಖಕ್ಕೇ ಬರುತ್ತದೆ. ಈ ಇಂಟರ್‌ಲಾಕ್ ಇದೆ ಎಂಬ ಮಾತಿಗೆ ತೃಪ್ತರಾಗದೆ, ಕೊಳ ಖಾಲಿಯಿರುವಾಗ ನುರಿತ ತಂತ್ರಜ್ಞರಿಂದ ಪಂಪ್ ನಿಲ್ಲಿಸಿ ಪರೀಕ್ಷಿಸಿದ ದಿನಾಂಕ ಕೇಳಿ. ಬ್ಯಾಕ್‌ವಾಶ್ ಮಾಡುವಾಗ ಡೋಸಿಂಗ್ ನಿಲ್ಲಿಸುತ್ತಾರೆಯೇ ಎಂದೂ ಕೇಳಿ.

ತಳದ ಹೀರುಬಾಯಿಗಳು ಕೂದಲು, ಕೈಬೆರಳು, ಇಡೀ ಮೈಯನ್ನೇ ಹಿಡಿದಿಡಬಲ್ಲವು. ಒಂದು ಪಂಪ್‌ಗೆ ಕನಿಷ್ಠ ಎರಡು ಬಾಯಿ, ಒಬ್ಬರ ಮೈ ಎರಡನ್ನೂ ಮುಚ್ಚಲಾಗದಷ್ಟು ದೂರ, ಜಾಲರಿಯ ಸಂದು 8 ಮಿಲಿಮೀಟರ್ ಮೀರದಂತೆ, ನೀರಿನ ವೇಗ ಸೆಕೆಂಡಿಗೆ 0.5 ಮೀಟರ್ ದಾಟದಂತೆ. ಪಂಪ್ ಬದಲಿಸಿ ಹೆಚ್ಚು ಶಕ್ತಿಯದನ್ನು ಕೂರಿಸಿದಾಗ ಈ ವೇಗವನ್ನು ಮರುಲೆಕ್ಕ ಹಾಕುವುದು ಮರೆತುಹೋಗುತ್ತದೆ. ಜಾಲರಿಯ ಒಂದು ತಿರುಪು ಕಳಚಿದ್ದರೂ ಕೊಳ ಮುಚ್ಚಲೇಬೇಕು. ಇಲ್ಲಿ ಚೌಕಾಸಿ ಇಲ್ಲ.

ತಲೆಯ ಮೇಲೆ

1985ರ ಮೇ ತಿಂಗಳಲ್ಲಿ ಸ್ವಿಟ್ಜರ್ಲೆಂಡ್‌ನ ಊಸ್ಟರ್ ಪಟ್ಟಣದ ಒಳಾಂಗಣ ಕೊಳದ ಕಾಂಕ್ರೀಟ್ ತೂಗುಛಾವಣಿ ಕುಸಿದು 12 ಜನ ಸತ್ತರು. ಛಾವಣಿ ತೂಗಿದ್ದು ಸ್ಟೇನ್‌ಲೆಸ್ ಸ್ಟೀಲ್ ಸರಳುಗಳಿಗೆ. ಕೊಳದ ಬೆಚ್ಚನೆಯ ಗಾಳಿಯಲ್ಲಿನ ಕ್ಲೋರಿನ್ ಅಂಶ ಸರಳುಗಳ ಮೇಲೆ ಕೂತು, ಭಾರ ಹೊತ್ತ ಉಕ್ಕು ಒಳಗೇ ಬಿರುಕುಬಿಟ್ಟಿತ್ತು. ಅಡುಗೆಮನೆಯಲ್ಲಿ ಹೊಳೆಯುವ 304, 316 ದರ್ಜೆಯ ಉಕ್ಕು ಈ ಗಾಳಿಯಲ್ಲಿ ತೊಳೆಯಲಾಗದ ಎತ್ತರದಲ್ಲಿ ಭಾರ ಹೊರಲು ತಕ್ಕದ್ದಲ್ಲ, 1.4529, 1.4547, 1.4565 ದರ್ಜೆಗಳು ಬೇಕು. ಹಾಗಾಗಿ ದೀಪ, ಸ್ಪೀಕರ್, ಗಾಳಿ ಕೊಳವೆ, ಜಾರುಬಂಡೆಯ ತಂತಿ, ಏನೇ ತೂಗುಹಾಕಿದ್ದರೂ ಅದರ ಬೋಲ್ಟ್ ಯಾವ ದರ್ಜೆಯದು ಎಂಬ ದಾಖಲೆ ಕೇಳಿ. ದಾಖಲೆ ಇಲ್ಲದಿದ್ದರೆ ಗೊತ್ತಿಲ್ಲ ಎಂದೇ ಅರ್ಥ. ಸ್ಟ್ರಕ್ಚರಲ್ ಎಂಜಿನಿಯರ್‌ರನ್ನು ಮೇಲೆ ಹತ್ತಿಸಬೇಕು. ಕೆಳಗಿನಿಂದ ಬೈನಾಕ್ಯುಲರ್ ಹಿಡಿದು ನೋಡಿದ ವರದಿಯನ್ನು ಒಪ್ಪಬೇಡಿ.

ಅಪಘಾತ ನಡೆದ ಮೇಲೆ

ಅಪಘಾತಗಳನ್ನು ವರದಿ ಮಾಡುವ ಕುರಿತ 2013ರ ರಿಡರ್ ನಿಯಮಾವಳಿಯಂತೆ ಸಾವು ಸಂಭವಿಸಿದರೆ, ಅಥವಾ ಕೆಲಸದ ಕಾರಣದಿಂದಾದ ಗಾಯಕ್ಕೆ ಗಿರಾಕಿಯನ್ನು ಸ್ಥಳದಿಂದ ನೇರ ಆಸ್ಪತ್ರೆಗೆ ಚಿಕಿತ್ಸೆಗೆ ಒಯ್ದರೆ, ತಡಮಾಡದೆ ತಿಳಿಸಿ 10 ದಿನದೊಳಗೆ ವರದಿ ಸಲ್ಲಿಸಬೇಕು. ಸಿಬ್ಬಂದಿ 7 ದಿನಕ್ಕಿಂತ ಹೆಚ್ಚು ಕೆಲಸಕ್ಕೆ ಬಾರದಂತಾದರೆ 15 ದಿನ. ದಾಖಲೆ 3 ವರ್ಷ ಇರಬೇಕು. ‘ಅವರೇ ಕಾಲು ಜಾರಿ ಬಿದ್ದರು, ಕೆಲಸಕ್ಕೂ ಅದಕ್ಕೂ ಸಂಬಂಧವಿಲ್ಲ’ ಎಂದು ವರದಿ ಮಾಡದೆ ಬಿಟ್ಟ ಪ್ರಕರಣಗಳನ್ನು ತರಿಸಿ ಓದಿ. ಒಡೆದ ಟೈಲ್, ಕಡಿಮೆ ಸಿಬ್ಬಂದಿ ಕಾರಣವಾಗಿದ್ದರೆ ಅದು ಕೆಲಸಕ್ಕೆ ಸಂಬಂಧಿಸಿದ್ದೇ. ಗಂಭೀರ ಘಟನೆಯಾದರೆ ಸಿಸಿಟಿವಿ ದೃಶ್ಯ ಅಳಿಸಿಹೋಗುವ ಮೊದಲು ಎತ್ತಿಡಲು ಅಂದೇ ಲಿಖಿತವಾಗಿ ಹೇಳಿ. ಪಾಳಿಪಟ್ಟಿ ಮತ್ತು ಲಾಗ್‌ಶೀಟ್‌ನ ಪ್ರತಿಯನ್ನೂ ಅಂದೇ ಪಡೆಯಿರಿ.

ಕಂಡ ದೋಷಗಳನ್ನು ಮೂರು ದರ್ಜೆ ಮಾಡಿದರೆ ಸಾಕು: ಈಗಲೇ ಮುಚ್ಚಬೇಕಾದದ್ದು, 24 ಗಂಟೆಯಲ್ಲಿ ಸರಿಯಾಗಬೇಕಾದದ್ದು, ದಿನಾಂಕ ಹಾಕಿ ಕೊಡಬಹುದಾದದ್ದು. ಮೂರನೆಯದರಲ್ಲಿ ಗಡುವು ಎರಡನೇ ಬಾರಿ ಮುಂದೆ ಹೋದರೆ ಅದು ತಾನಾಗಿ ಹಿರಿಯ ಅಧಿಕಾರಿಯ ಮೇಜಿಗೆ ಹೋಗಬೇಕು. ಹಣ ಯಾರದು ಎಂಬ ವ್ಯಾಜ್ಯವಿದ್ದರೆ ಮೊದಲು ದುರಸ್ತಿ, ಆಮೇಲೆ ಬಿಲ್ಲಿನ ಜಗಳ. ಇದನ್ನೂ ಒಪ್ಪಂದದಲ್ಲೇ ಬರೆದಿಡಬೇಕು, ಇಲ್ಲದಿದ್ದರೆ ಜಗಳ ಮುಗಿಯುವವರೆಗೆ ಟೈಲ್ ಒಡೆದೇ ಇರುತ್ತದೆ.

ಕೌನ್ಸಿಲರ್‌ಗಳಿಗೆ, ನಿವಾಸಿಗಳಿಗೆ

ಸಮಿತಿಯಲ್ಲಿ ‘ಸೆಂಟರ್ ಸುರಕ್ಷಿತವೇ?’ ಎಂದು ಕೇಳಿದರೆ ಹೌದು ಎಂಬ ಉತ್ತರ ಮಾತ್ರ ಬರುತ್ತದೆ. ಹೀಗೆ ಕೇಳಿ: ಕಳೆದ ಮೂರು ತಿಂಗಳಲ್ಲಿ ಮುನ್ಸೂಚನೆಯಿಲ್ಲದ ಭೇಟಿ ಎಷ್ಟು, ಯಾವ ಹೊತ್ತಿನಲ್ಲಿ? ಗಡುವು ಮೀರಿದ ದೋಷಗಳು ಯಾವುವು? ಲೈಫ್‌ಗಾರ್ಡ್ ಕೊರತೆಯಿಂದ ಎಷ್ಟು ಬಾರಿ ಕೊಳ ಮುಚ್ಚಿದರು? ಒಮ್ಮೆಯೂ ಮುಚ್ಚಿಲ್ಲ ಎಂದರೆ, ಸಿಬ್ಬಂದಿ ಗೈರಾದ ದಿನಗಳಲ್ಲಿ ಏನು ಮಾಡಿದರು? ಕ್ವೆಸ್ಟ್‌ನಂಥ ಗುಣಮಟ್ಟದ ಮನ್ನಣೆಯನ್ನು ತೋರಿಸಿದರೆ ಸ್ವೀಕರಿಸಿ, ಆದರೆ ಅದು ಸುರಕ್ಷತಾ ಪ್ರಮಾಣಪತ್ರವಲ್ಲ.

ನಿವಾಸಿಗಳು 2000ದ ಮಾಹಿತಿ ಸ್ವಾತಂತ್ರ್ಯ ಕಾಯ್ದೆಯಡಿ ಕೌನ್ಸಿಲ್‌ಗೆ ಬರೆಯಬಹುದು. 20 ಕೆಲಸದ ದಿನಗಳಲ್ಲಿ ಉತ್ತರ ಬರಬೇಕು. ಖಾಸಗಿ ಕಂಪನಿಗೆ ಈ ಕಾಯ್ದೆ ನೇರವಾಗಿ ಅನ್ವಯಿಸದಿದ್ದರೂ, ಕೌನ್ಸಿಲ್ ಪರವಾಗಿ ಅದು ಇಟ್ಟುಕೊಂಡ ದಾಖಲೆಗಳು ವ್ಯಾಪ್ತಿಗೆ ಬರುತ್ತವೆ. ಅರ್ಜಿಯಲ್ಲಿ ‘ಸುರಕ್ಷತೆಯ ಎಲ್ಲ ದಾಖಲೆ’ ಎಂದು ಬರೆದರೆ ವೆಚ್ಚದ ಮಿತಿ ಮೀರುತ್ತದೆಂದು ತಳ್ಳಿಹಾಕುತ್ತಾರೆ. ಸೆಂಟರ್‌ನ ಹೆಸರು, ತಿಂಗಳು, ದಾಖಲೆಯ ಬಗೆ ಬರೆದು ಕೇಳಿ: ಇಂಥ ತಿಂಗಳ ಕೊಳದ ಲಾಗ್‌ಶೀಟ್, ಜೀವಾಣು ವರದಿ, ಕೌನ್ಸಿಲ್ ಭೇಟಿಯ ಟಿಪ್ಪಣಿ. ಕೌನ್ಸಿಲ್ ಭೇಟಿಯ ಟಿಪ್ಪಣಿಯೇ ಇಲ್ಲ ಎಂಬ ಉತ್ತರ ಬಂದರೆ ಅದನ್ನೇ ನಿಮ್ಮ ವಾರ್ಡಿನ ಕೌನ್ಸಿಲರ್‌ಗೆ, ಪರಿಶೀಲನಾ ಸಮಿತಿಯ ಅಧ್ಯಕ್ಷರಿಗೆ ಕಳಿಸಿ. ಆದರೆ ಜಾಲರಿ ಕಳಚಿರುವುದೋ, ದಂಡೆಯಲ್ಲಿ ಲೈಫ್‌ಗಾರ್ಡ್ ಇಲ್ಲದಿರುವುದೋ ಕಣ್ಣಿಗೆ ಬಿದ್ದರೆ ಅರ್ಜಿ ಬರೆಯುತ್ತ ಕೂರಬೇಡಿ. ಮಕ್ಕಳನ್ನು ನೀರಿನಿಂದ ಮೇಲೆ ಕರೆದು, ಡ್ಯೂಟಿ ಮ್ಯಾನೇಜರ್‌ಗೆ ಆಗಲೇ ಹೇಳಿ, ಅಂದೇ ಪರಿಸರ ಆರೋಗ್ಯ ವಿಭಾಗಕ್ಕೆ ಫೋನ್ ಮಾಡಿ.